ಮೂರು ಬೀಗದ ಪೆಟ್ಟಿಗೆ

ಈ ವರ್ಷ ನಮ್ಮ ಕ್ಷೇತ್ರ ಇಲ್ಲವಾಯಿತು. ೧೮೮೫ರ ಹೊಸ ಕಾಯ್ದೆ ನಮ್ಮ ನಾಲ್ಕು ಪಟ್ಟಣಗಳನ್ನು ಕೌಂಟಿಯೊಳಗೆ ಸೇರಿಸಿ, ಕ್ರೇಗ್‌ಹೇವನ್ ಎಂಬ ಹೆಸರನ್ನು ಪಾರ್ಲಿಮೆಂಟಿನ ಪಟ್ಟಿಯಿಂದ ತೆಗೆದುಹಾಕಿತು. ಪತ್ರಿಕೆಯೊಂದು ಕ್ಷೇತ್ರದ ಇತಿಹಾಸವನ್ನು ಒಂದು ಅಂಕಣದಷ್ಟು ಅಚ್ಚು ಮಾಡಿತು. ಹೆಸರು, ಇಸವಿ ಎಲ್ಲ ಸರಿಯಾಗಿದ್ದವು. ೧೮೨೬ರ ಸಾಲಿನಲ್ಲಿ ‘ಕರ್ನಲ್ ಡಲ್‌ಗಾರ್ನೊ, ನಿರ್ಣಾಯಕ ಮತದಿಂದ’ ಎಂದಷ್ಟೇ ಇತ್ತು. ಆ ದಿನ ನಾನು ಅಲ್ಲಿದ್ದೆ. ಇನ್‌ವರ್‌ಡೆನ್ ಪುರಸಭೆಯ ಕ್ಲಾರ್ಕ್ ಸ್ಕ್ರಿಂಜರ್ ಅವರ ಕಚೇರಿಯಲ್ಲಿ ಪತ್ರ ನಕಲು ಮಾಡುವ ಕೆಲಸ ನನ್ನದು. ನನಗೆ ಆಗ ಇಪ್ಪತ್ತನಾಲ್ಕು.

ಆ ಕಾಲದಲ್ಲಿ ಜನ ಮತ ಹಾಕುತ್ತಿರಲಿಲ್ಲ. ನಾಲ್ಕು ಪಟ್ಟಣಗಳ ಪುರಸಭೆಗಳು ಒಬ್ಬೊಬ್ಬ ಪ್ರತಿನಿಧಿಯನ್ನು ಆರಿಸಿ ಕಳಿಸುತ್ತಿದ್ದವು. ಆ ನಾಲ್ವರು ಒಂದು ಕಡೆ ಸೇರಿ ಪಾರ್ಲಿಮೆಂಟಿನ ಸದಸ್ಯನನ್ನು ಆರಿಸುತ್ತಿದ್ದರು. ಸಭೆ ನಡೆಯುವ ಪಟ್ಟಣ ಪ್ರತಿ ಚುನಾವಣೆಗೂ ಬದಲಾಗುತ್ತಿತ್ತು. ಮತ ಸಮವಾದರೆ ಆ ಪಟ್ಟಣದ ಪ್ರತಿನಿಧಿಗೆ ಇನ್ನೊಂದು ಮತ. ಆ ಸಲ ಸರದಿ ಕ್ರೇಗ್‌ಹೇವನ್ನಿನದು. ಅವರು ಕರ್ನಲ್ ಕಡೆ. ಪಿಟ್‌ಲಾರ್ ಮತ್ತು ಸೇಂಟ್ ಫಿಲನ್ ಎರಡೂ ಅವನ ಎದುರಾಳಿ ಸರ್ ಹ್ಯೂ ಕಡೆ. ಇನ್‌ವರ್‌ಡೆನ್ನಿನ ನಾವು ಹೋದರೆ ಎರಡಕ್ಕೆ ಎರಡು, ಕ್ರೇಗ್‌ಹೇವನ್ನಿನ ಹೆಚ್ಚುವರಿ ಮತದಿಂದ ಕರ್ನಲ್ ಗೆಲುವು. ನಾವು ಹೋಗದಿದ್ದರೆ ಸರ್ ಹ್ಯೂ. ಚಿಕ್ಕ ಮಕ್ಕಳೂ ಬೀದಿಯಲ್ಲಿ ಈ ಲೆಕ್ಕ ಹೇಳುತ್ತಿದ್ದರು.

ಇನ್‌ವರ್‌ಡೆನ್ನಿಗೆ ಕರ್ನಲ್ ಯಾಕೆ ಬೇಕು ಎಂಬುದಕ್ಕೆ ಕಾರಣ ಒಂದೇ: ಅಲೆತಡೆ ಗೋಡೆ. ನಮ್ಮ ಅಳಿವೆಯ ಬಾಯಿಗೆ ಮರಳದಿಬ್ಬ ಅಡ್ಡ ಇದೆ. ಪೂರ್ವದ ಗಾಳಿ ಎದ್ದರೆ ದೋಣಿಗಳು ಅಲ್ಲೇ ಮಗುಚುತ್ತಿದ್ದವು. ಹಿಂದಿನ ನವೆಂಬರಿನಲ್ಲಿ ಆರು ಜನರ ಒಂದು ದೋಣಿ ದಡದಿಂದ ಇನ್ನೂರು ಗಜ ದೂರದಲ್ಲಿ, ಇಡೀ ಊರು ನೋಡುತ್ತಿರುವಾಗ ಮುಳುಗಿತು. ಗೋಡೆ ಕಟ್ಟಲು ಪಾರ್ಲಿಮೆಂಟಿನ ಒಪ್ಪಿಗೆ ಬೇಕು. ಕರ್ನಲ್ ನಕ್ಷೆ ಬರೆಸಿ ಇಟ್ಟುಕೊಂಡಿದ್ದ. ಸರ್ ಹ್ಯೂ ನಮ್ಮ ಊರಿಗೆ ಒಮ್ಮೆಯೂ ಬಂದವನಲ್ಲ.

ಮುಳುಗಿದ ಆರು ಜನರಲ್ಲಿ ಒಬ್ಬ ಫರ್ಗಸ್. ಅವನ ತಂದೆ ನಿನಿಯನ್ ಪಿಟ್‌ಬ್ಲಾಡೊ ಹೆರಿಂಗ್ ಮೀನಿಗೆ ಪೀಪಾಯಿ ಕಟ್ಟುವವನು, ಕಸುಬುದಾರರ ಮುಖ್ಯಸ್ಥ. ತಾಯಿ ಗ್ರಿಜೆಲ್ ಗೌರ್ಲೆ, ಬೀಗ ಮಾಡುತ್ತಿದ್ದ ಮುದುಕ ಗೌರ್ಲೆಯ ಮಗಳು. ಅವರ ಎರಡನೆಯ ಮಗ ಕ್ವಿಂಟಿನ್ ಇನ್ನೂ ದಿನಾ ಅದೇ ದಿಬ್ಬ ದಾಟಿ ಮೀನಿಗೆ ಹೋಗುತ್ತಿದ್ದ. ಗ್ರಿಜೆಲ್ ದಿನಾ ದಡಕ್ಕೆ ಬಂದು, ಅವನ ದೋಣಿ ಒಳಗೆ ಬರುವವರೆಗೆ ನಿಂತಿರುತ್ತಿದ್ದಳು.

ಜುಲೈ ಒಂದು, ಶನಿವಾರ, ಪುರಸಭೆ ಏಳಕ್ಕೆ ಎಂಟು ಮತದಿಂದ ನಿನಿಯನ್‌ನನ್ನು ಪ್ರತಿನಿಧಿಯಾಗಿ ಆರಿಸಿತು. ನಾನೇ ನೇಮಕ ಪತ್ರ ಬರೆದೆ. ಅದಕ್ಕೆ ಊರಿನ ಮೊಹರು ಬೀಳುವುದು ಬಾಕಿ. ಮೊಹರು ಇರುವುದು ಪುರಭವನದ ಓಕ್ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಮೂರು ಬೀಗ. ಒಂದರ ಕೀಲಿ ಪ್ರೊವೊಸ್ಟ್, ಎಂದರೆ ಪುರಾಧ್ಯಕ್ಷ ಆಲಿಫಂಟ್ ಅವರ ಹತ್ತಿರ, ಇನ್ನೊಂದು ನಿನಿಯನ್ ಹತ್ತಿರ, ಮೂರನೆಯದು ಒಂಬತ್ತು ವರ್ಷದಿಂದ ಖಜಾಂಚಿಯಾಗಿದ್ದ ಲಾರೆನ್ಸ್ ಟ್ರೇಲ್ ಹತ್ತಿರ. ಮೂವರೂ ಒಟ್ಟಿಗೆ ಬಂದು, ಅವರವರ ಬೀಗಕ್ಕೆ ಅವರವರ ಕೀಲಿ ತಿರುಗಿಸಬೇಕು. ಒಬ್ಬನನ್ನು ಇನ್ನಿಬ್ಬರು ಕಾಯಲಿ ಎಂದು ಮಾಡಿದ ಪದ್ಧತಿ.

ಶನಿವಾರ ಹೊತ್ತಾಗಿತ್ತು. ಭಾನುವಾರ ದೇವರ ದಿನ, ಅಂದು ಅರಗು ಕಾಯಿಸುವವರು ನಮ್ಮಲ್ಲಿ ಯಾರೂ ಇಲ್ಲ. ಸೋಮವಾರ ಬೆಳಿಗ್ಗೆ ಟ್ರೇಲ್ ಮನೆಗೆ ಹೋದರೆ, ಅವನು ಪಿಟ್‌ಲಾರಿನ ಅಕ್ಕನಿಗೆ ಹುಷಾರಿಲ್ಲವೆಂದು ದೋಣಿ ಹತ್ತಿ ಹೋಗಿದ್ದ. ಕೀಲಿಯೂ ಹೋಗಿತ್ತು. ಸಂಜೆಗೆ ಬರುತ್ತಾನೆಂದು ಅವನ ಹೆಂಡತಿ ಹೇಳಿದಳು. ಸಂಜೆ ಬರಲಿಲ್ಲ. ಊರಿನ ಬಾಡಿಗೆ ಕುದುರೆಗಳನ್ನೆಲ್ಲ ಎರಡು ದಿನಕ್ಕೆ ಯಾರೋ ಮೊದಲೇ ಗೊತ್ತುಮಾಡಿಕೊಂಡಿದ್ದಾರೆ ಎಂಬ ಸುದ್ದಿ ಬಂದಾಗ ನಮಗೆ ವಿಷಯ ಅರ್ಥವಾಯಿತು. ಟ್ರೇಲ್ ಸರ್ ಹ್ಯೂ ಕಡೆಯವನು. ಸಭೆ ಮರುದಿನ, ಮಂಗಳವಾರ, ಮಧ್ಯಾಹ್ನ ಹನ್ನೆರಡಕ್ಕೆ.

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ನಾವು ನಾಲ್ವರು ಪೆಟ್ಟಿಗೆಯ ಸುತ್ತ ನಿಂತಿದ್ದೆವು: ಪ್ರೊವೊಸ್ಟ್, ಸ್ಕ್ರಿಂಜರ್, ನಿನಿಯನ್ ಮತ್ತು ನಾನು. ಎರಡು ಬೀಗ ತೆರೆದಿದ್ದವು. ಮೂರನೆಯದು ಮುಚ್ಚಿತ್ತು. ನಿನಿಯನ್ ಅಂಗಡಿಯಿಂದ ಉಳಿ, ಸುತ್ತಿಗೆ ತಂದಿದ್ದ.

“ಕೆಳಗಿಡು ಅದನ್ನ,” ಎಂದರು ಸ್ಕ್ರಿಂಜರ್. “ಒಡೆದ ಪೆಟ್ಟಿಗೆಯ ಮೊಹರು ಕದ್ದ ಮೊಹರು ಅಂತ ಮೊದಲ ನಿಮಿಷದಲ್ಲೇ ಹೇಳ್ತಾರೆ. ಹೇಳೋರು ಯಾರು ಅಂತ ನಿಂಗೂ ಗೊತ್ತು.”

“ಹಂಗಾದ್ರೆ ಏನ್ಮಾಡೋಣ ಸ್ವಾಮಿ? ಬೀಗಕ್ಕೆ ಕೈ ಮುಗಿದು ಕೇಳೋಣವಾ?”

ಪ್ರೊವೊಸ್ಟ್ ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಆಗ ಗ್ರಿಜೆಲ್ ಒಳಗೆ ಬಂದಳು. ಗಂಡನ ದಾರಿಗೆಂದು ಓಟ್ಸ್ ರೊಟ್ಟಿ, ಗಿಣ್ಣು ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ಪೆಟ್ಟಿಗೆ ನೋಡಿದಳು, ಉಳಿ ನೋಡಿದಳು. ಗಂಟನ್ನು ಮೇಜಿನ ಮೇಲಿಟ್ಟು, ಪೆಟ್ಟಿಗೆಯ ಹತ್ತಿರ ಬಂದಳು.

“ನಿನಿಯನ್, ನಿನ್ನ ಕೀಲೀನ ಆ ಬೀಗಕ್ಕೆ ಹಾಕು,” ಎಂದಳು.

“ಇದು ಟ್ರೇಲ್ ಬೀಗ ಕಣೇ.”

“ಯಾರ ಬೀಗ ಅಂತ ನಂಗೆ ಗೊತ್ತು. ಹಾಕು.”

ಅವನು ಹೆಂಡತಿಯ ಸಮಾಧಾನಕ್ಕೆಂಬಂತೆ ಕೀಲಿ ಹಾಕಿದ. ಅದು ತಿರುಗಿತು. ಬೀಗ ಎಣ್ಣೆ ಹಚ್ಚಿದಷ್ಟು ಸಲೀಸಾಗಿ ಬಿಚ್ಚಿಕೊಂಡಿತು.

ಗ್ರಿಜೆಲ್ ನೆಲ ನೋಡುತ್ತಾ ಹೇಳಿದ್ದು ಇಷ್ಟು. ನಲವತ್ತೊಂದು ವರ್ಷದ ಹಿಂದೆ ಅವಳ ತಂದೆಗೆ ಮೂರು ಬೇರೆ ಬೇರೆ ಬೀಗ ಮಾಡಲು ಪುರಸಭೆ ಹೇಳಿತ್ತು. ಮೊದಲನೆಯದು ಮುಗಿಯುವಷ್ಟರಲ್ಲಿ ಅವನ ಬಲಗೈ ಸುಟ್ಟಿತು. ಗಡುವು ಹತ್ತಿರ ಬಂದಿತ್ತು. ಉಳಿದೆರಡನ್ನೂ ಅದೇ ಅಚ್ಚಿನಲ್ಲಿ ತೆಗೆದು, ಕೀಲಿಗಳ ಹಿಡಿ ಮಾತ್ರ ಬೇರೆ ಮಾಡಿದ: ಒಂದಕ್ಕೆ ಶಿಲುಬೆ, ಒಂದಕ್ಕೆ ಮೀನು, ಒಂದಕ್ಕೆ ತೆನೆ. ಅಂದು ತಿದಿ ಒತ್ತಿದವಳು ಹತ್ತು ವರ್ಷದ ಗ್ರಿಜೆಲ್. ಅವಳಪ್ಪನ ಸಮಾಧಿ ಕಲ್ಲಿನ ಮೇಲೆ ‘ಪ್ರಾಮಾಣಿಕ ಕುಶಲಕರ್ಮಿ’ ಎಂದು ಪುರಸಭೆಯೇ ಕೆತ್ತಿಸಿತ್ತು. ನಲವತ್ತೊಂದು ವರ್ಷದಲ್ಲಿ ಒಬ್ಬನೂ ತನ್ನ ಕೀಲಿಯನ್ನು ಇನ್ನೊಬ್ಬನ ಬೀಗಕ್ಕೆ ಹಾಕಿ ನೋಡಿರಲಿಲ್ಲ. ಅದು ನಮ್ಮೂರಿನಲ್ಲಿ ಸಭ್ಯರು ಮಾಡುವ ಕೆಲಸವಲ್ಲ.

“ಈ ಮಾತು ಈ ಕೋಣೆಯಲ್ಲೇ ಇರುತ್ತೆ,” ಎಂದರು ಪ್ರೊವೊಸ್ಟ್.

ಸ್ಕ್ರಿಂಜರ್ ಆಗಲೇ ಅರಗು ಕಾಯಿಸುತ್ತಿದ್ದರು. ಮೊಹರು ಬಿತ್ತು. ಮೊಹರನ್ನು ಮತ್ತೆ ಒಳಗಿಟ್ಟು ಮೂರೂ ಬೀಗ ಹಾಕಿಸಿದರು. ಆಮೇಲೆ, ಪೆಟ್ಟಿಗೆಯೂ ನಮ್ಮ ಜೊತೆ ಬರಬೇಕು ಎಂದರು. ಒಡೆದಿಲ್ಲವೆಂದು ತೋರಿಸಲು ಬೇರೆ ಸಾಕ್ಷಿ ಇಲ್ಲ. ಗ್ರಿಜೆಲ್ ತಾನೂ ಬರುತ್ತೇನೆಂದಳು. ಯಾಕೆಂದು ಯಾರೂ ಕೇಳಲಿಲ್ಲ.

ರಸ್ತೆಯಲ್ಲಿ ಹನ್ನೊಂದು ಮೈಲಿ, ಕುದುರೆ ಇಲ್ಲ, ಓಕ್ ಪೆಟ್ಟಿಗೆ ಹೊತ್ತು ನಡೆದು ಹೊತ್ತಿಗೆ ಮುಟ್ಟುವಂತಿರಲಿಲ್ಲ. ಸಮುದ್ರದಲ್ಲಿ ಏಳು ಮೈಲಿ, ಆದರೆ ನೀರು ಇಳಿದಿತ್ತು. ಕ್ವಿಂಟಿನ್‌ನ ದೋಣಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ದಿಬ್ಬದ ಮೇಲೆ ನೀರೇರುವುದನ್ನೇ ಕಾದೆವು. ಎಂಟಾಯಿತು. ಒಂಬತ್ತಾಯಿತು. ದಡದಲ್ಲಿ ಊರೇ ಸೇರಿತ್ತು. ಒಂಬತ್ತೂವರೆಗೆ ಕ್ವಿಂಟಿನ್ ಹುಟ್ಟನ್ನು ನೀರಿಗೆ ಇಳಿಸಿ ಆಳ ನೋಡಿದ.

“ಇನ್ನರ್ಧ ಗಂಟೆ ಬೇಕು. ಆದರೆ ನಮ್ಹತ್ರ ಇಲ್ಲ,” ಎಂದ. “ಪ್ರೊವೊಸ್ಟರೇ, ಮಧ್ಯಕ್ಕೆ ಬನ್ನಿ. ನಿಮ್ಮ ತೂಕಕ್ಕೆ ಇವತ್ತು ಮೊದಲನೇ ಸಲ ಉಪಯೋಗ ಇದೆ.”

ಕ್ವಿಂಟಿನ್‌ನ ದೋಣಿಯ ಆಳುಗಳು ನಾಲ್ವರು ಹುಟ್ಟು ಹಾಕಿದರು. ದಿಬ್ಬದ ಮೇಲೆ ದೋಣಿಯ ತಳ ಮರಳಿಗೆ ಕರಕರ ಉಜ್ಜಿ ನಿಂತಿತು. ಒಂದು ಅಲೆ ಬಂದು ಮೊಣಕಾಲವರೆಗೆ ನೆನೆಸಿತು. ಮುಂದಿನ ಅಲೆ ನಮ್ಮನ್ನು ಎತ್ತಿತು. ಕ್ವಿಂಟಿನ್ ಕೂಗಿದ, ಎಲ್ಲರೂ ಒಟ್ಟಿಗೆ ಎಳೆದರು, ದೋಣಿ ಜಾರಿ ಆಳಕ್ಕೆ ಬಿತ್ತು. ಹಿಂದೆ ದಡದಲ್ಲಿ ಎದ್ದ ಕೇಕೆ ನಮಗೂ ಕೇಳಿಸಿತು. ಗ್ರಿಜೆಲ್ ಮಾತ್ರ ಆ ದಿಬ್ಬವನ್ನೇ ತಿರುಗಿ ನೋಡುತ್ತಿದ್ದಳು. ಫರ್ಗಸ್ ಹೋದದ್ದು ಅಲ್ಲೇ.

ಹಾಯಿ ಎತ್ತಿದೆವು. ಮೂರು ಮೈಲಿ ಹಾರಿದೆವು. ಆಮೇಲೆ ಗಾಳಿ ನಿಂತುಹೋಯಿತು. ಸ್ಕ್ರಿಂಜರ್ ಕೋಟು ಬಿಚ್ಚಿ ಹುಟ್ಟಿಗೆ ಕೂತರು, ನಾನೂ ಕೂತೆ. ನನ್ನ ಅಂಗೈ ಬೊಬ್ಬೆ ಒಡೆದು ಪತ್ರದ ಲಕೋಟೆಗೆ ರಕ್ತದ ಕಲೆಯಾಯಿತು. ಕ್ರೇಗ್‌ಹೇವನ್ ಧಕ್ಕೆ ಮುಟ್ಟಿದಾಗ ಹನ್ನೆರಡಕ್ಕೆ ಒಂಬತ್ತು ನಿಮಿಷವಿತ್ತು. ಪೆಟ್ಟಿಗೆಯನ್ನು ಮೀನು ಹೊರುವ ಹೆಂಗಸರಿಬ್ಬರ ಕೈಗಾಡಿಯ ಮೇಲೆ ಹೇರಿ ಗುಡ್ಡದ ಬೀದಿಯಲ್ಲಿ ಓಡಿದೆವು. ಯಾರನ್ನು ಹೂಳೋಕೆ ಇಷ್ಟು ಅವಸರ ಎಂದು ಒಬ್ಬಳು ಕೇಳಿದಳು. ಸರ್ ಹ್ಯೂನ ಎಂದು ನಿನಿಯನ್ ಓಡುತ್ತಲೇ ಹೇಳಿದ. ಗಂಟೆಯ ಹನ್ನೆರಡನೆಯ ಹೊಡೆತಕ್ಕೆ ಪತ್ರ ಮೇಜಿನ ಮೇಲಿತ್ತು.

ಸಭೆ ನಡೆಸುತ್ತಿದ್ದ ಕ್ರೇಗ್‌ಹೇವನ್ನಿನ ಕ್ಲಾರ್ಕ್ ಸೊರಗಿದ ಮನುಷ್ಯ, ಮಾತು ಕಡಿಮೆ. ಪತ್ರ ಬಿಚ್ಚಿ ಮೊಹರು ನೋಡಿ ತಲೆಯಾಡಿಸಿದ. ಅಷ್ಟರಲ್ಲಿ ಪಿಟ್‌ಲಾರಿನವರ ಬೆನ್ನ ಹಿಂದಿನಿಂದ ಲಾರೆನ್ಸ್ ಟ್ರೇಲ್ ಎದ್ದು ನಿಂತ. ಅಕ್ಕನ ಕಾಯಿಲೆ ವಾಸಿಯಾಗಿತ್ತೆಂದು ತೋರುತ್ತದೆ. ಅವನು ತೆನೆ ಹಿಡಿಯ ಕೀಲಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

“ಇದು ಭಾನುವಾರದಿಂದ ನನ್ನ ಜೇಬು ಬಿಟ್ಟಿಲ್ಲ,” ಎಂದ. “ಇದಿಲ್ಲದೆ ಪೆಟ್ಟಿಗೆ ತೆರೆಯಲ್ಲ. ಹಾಗಾದರೆ ಆ ಮೊಹರು ಎಲ್ಲಿಂದ ಬಂತು? ಒಂದೋ ಒಡೆದಿದ್ದಾರೆ, ಇಲ್ಲ ಖೋಟಾ ಮಾಡಿದ್ದಾರೆ.”

ಸ್ಕ್ರಿಂಜರ್ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಡಿಸಿದರು. ಬೀಗಗಳ ಮೇಲೆ ಒಂದು ಗೀರೂ ಇಲ್ಲ. ಟ್ರೇಲ್ ತಾನೇ ತನ್ನ ಬೀಗ ಪರೀಕ್ಷಿಸಿದ. ಅದು ಸರಿಯಾಗಿತ್ತು. ಅವನ ಮುಖ ಇನ್ನಷ್ಟು ಅರಳಿತು.

“ಒಡೆದಿಲ್ಲ ಅಂದ್ಮೇಲೆ ಖೋಟಾನೇ. ಪಿಟ್‌ಬ್ಲಾಡೊ ಬೈಬಲ್ ಮುಟ್ಟಿ ಹೇಳಲಿ, ಮೂರು ಕೀಲಿ ಹಾಕಿ ಮೊಹರು ತೆಗೆದೆ ಅಂತ.”

ಬೈಬಲ್ ಬಂತು. ಕ್ಲಾರ್ಕ್ ನಿನಿಯನ್ ಕಡೆ ನೋಡಿದ. ಕೋಣೆಯಲ್ಲಿ ನೂರಕ್ಕೂ ಹೆಚ್ಚು ಜನ. ನಿನಿಯನ್ ಬೈಬಲ್ ಮೇಲೆ ಕೈಯಿಟ್ಟ. ಸುಳ್ಳು ಆಣೆ ಮಾಡುವ ಮನುಷ್ಯನಲ್ಲ ಅವನು. ನಿಜ ಹೇಳಿದರೆ ಹೆಂಡತಿಯ ತಂದೆಯ ಹೆಸರು ನಾಲ್ಕು ಪಟ್ಟಣಗಳಲ್ಲಿ ಮಣ್ಣಾಗುತ್ತದೆ. ಅವನು ಕೈ ಹಿಂತೆಗೆದ. ಪಿಟ್‌ಲಾರಿನವರು ಹೋ ಎಂದರು. ಎಲ್ಲ ಮುಗಿಯಿತು ಎಂದುಕೊಂಡೆ.

“ಖಜಾಂಚಿಗಳೇ,” ಎಂದು ಬಾಗಿಲ ಹತ್ತಿರದಿಂದ ಗ್ರಿಜೆಲ್ ಕರೆದಳು. “ನಿಮ್ಮ ಕೀಲೀನ ಪ್ರೊವೊಸ್ಟರ ಬೀಗಕ್ಕೆ ಹಾಕಿ.”

ಹೆಂಗಸಿಗೆ ಇಲ್ಲಿ ಮಾತಿಲ್ಲ ಎಂದು ಯಾರೋ ಗದರಿದರು.

“ನಾನು ಮತ ಕೇಳ್ತಿಲ್ಲ. ಕೀಲಿ ಹಾಕಿ ಅಂದೆ. ಹೆದರಿಕೆ ಯಾಕೆ? ನಿಮ್ಮ ಕೀಲಿ ನಿಮ್ಮ ಬೀಗಕ್ಕೆ ಮಾತ್ರ ತಾನೇ?”

ಟ್ರೇಲ್ ನಕ್ಕು, ಸುತ್ತಲಿನವರಿಗೆ ಕಣ್ಣು ಮಿಟುಕಿಸಿ, ಪ್ರೊವೊಸ್ಟರ ಶಿಲುಬೆಯ ಬೀಗಕ್ಕೆ ತೆನೆಯ ಕೀಲಿ ಹಾಕಿ ತಿರುಗಿಸಿದ. ಬೀಗ ಬಿಚ್ಚಿತು. ಅವನ ನಗು ಹಾಗೇ ಮುಖದ ಮೇಲೆ ಉಳಿಯಿತು, ಆದರೆ ಅದು ನಗುವಾಗಿರಲಿಲ್ಲ. ಕ್ಲಾರ್ಕ್ ಅವನ ಕೈಯಿಂದ ಕೀಲಿ ತೆಗೆದುಕೊಂಡು ನಿನಿಯನ್‌ನ ಮೀನಿನ ಬೀಗಕ್ಕೆ ಹಾಕಿದ. ಅದೂ ಬಿಚ್ಚಿತು. ಟ್ರೇಲ್‌ನ ಬೀಗವನ್ನೂ ತೆಗೆದು ನೋಡಿದರೆ ಪೆಟ್ಟಿಗೆಯೊಳಗೆ ಮೊಹರು ಇತ್ತು. ಪತ್ರದ ಅರಗಿನ ಮೇಲೆ ಇಟ್ಟು ನೋಡಿದ. ಕೂದಲೆಳೆ ವ್ಯತ್ಯಾಸವಿಲ್ಲ.

“ಮೂರೂ ಒಂದೇ ಬೀಗ,” ಎಂದಳು ಗ್ರಿಜೆಲ್. “ಮಾಡಿದ್ದು ನಮ್ಮಪ್ಪ. ಕೈ ಸುಟ್ಟಿತ್ತು. ಮೋಸ ಅಂತ ಗೊತ್ತಿದ್ದೇ ಮಾಡಿದ. ನಾನು ತಿದಿ ಒತ್ತಿದೆ. ಇವತ್ತು ಬೆಳಿಗ್ಗೆ ನನ್ನ ಗಂಡನ ಕೀಲೀಲಿ ತೆಗೆದಿದ್ದು. ಬರ್ಕೊಳ್ಳಿ.”

ಆಮೇಲೆ ಸೇಂಟ್ ಫಿಲನ್ನಿನ ಒಬ್ಬ ಮುದುಕ, ಸರ್ ಹ್ಯೂ ಕಡೆಯವನೇ, ನಿಧಾನವಾಗಿ ಕೇಳಿದ: “ಹಂಗಾದ್ರೆ ಟ್ರೇಲ್, ಒಂಬತ್ತು ವರ್ಷದಿಂದ ಇಡೀ ಪೆಟ್ಟಿಗೆ ನಿನ್ನ ಜೇಬಲ್ಲೇ ಇತ್ತು ಅನ್ನು.”

ನಗು ಛಾವಣಿಗೆ ಬಡಿಯಿತು. ಟ್ರೇಲ್ ಕೆಂಪಾಗಿ ಕೂತ. ಆಮೇಲೆ ಪೆಟ್ಟಿಗೆ ಪರಿಶೀಲಿಸಿದಾಗ ಒಂದು ಕಾಗದವೂ ಕಡಿಮೆಯಾಗಿರಲಿಲ್ಲ. ಅದನ್ನು ಇಲ್ಲಿ ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ.

ಕಾನೂನು ಕೇಳುವುದು ಊರಿನ ಮೊಹರನ್ನು, ಕೀಲಿಗಳನ್ನಲ್ಲ ಎಂದು ಕ್ಲಾರ್ಕ್ ತೀರ್ಪು ಕೊಟ್ಟ. ಪುರಸಭೆ ಒಪ್ಪಿದ ಪತ್ರ, ಅಸಲಿ ಮೊಹರು, ಸಮಯಕ್ಕೆ ಬಂದಿದೆ. ಹೆಸರು ಕೂಗಿದರು. ಪಿಟ್‌ಲಾರ್, ಸರ್ ಹ್ಯೂ. ಸೇಂಟ್ ಫಿಲನ್, ಸರ್ ಹ್ಯೂ. ಇನ್‌ವರ್‌ಡೆನ್, ಎಂದಾಗ ನಿನಿಯನ್‌ನ ದನಿ ಬೀದಿಗೂ ಕೇಳಿಸಿತು: ಕರ್ನಲ್ ಡಲ್‌ಗಾರ್ನೊ. ಕ್ರೇಗ್‌ಹೇವನ್, ಕರ್ನಲ್. ಎರಡಕ್ಕೆ ಎರಡು. ಮತ್ತೆ ಕ್ರೇಗ್‌ಹೇವನ್, ಕರ್ನಲ್. ಹೊರಗೆ ಮೀನಿನ ಹೆಂಗಸರು ಕೈಗಾಡಿಯ ಮೇಲೆ ಹತ್ತಿ ಕೂಗುತ್ತಿದ್ದರು. ಪ್ರೊವೊಸ್ಟ್ ನನ್ನನ್ನು ತಬ್ಬಿಕೊಂಡರು. ಬಹುಶಃ ಸ್ಕ್ರಿಂಜರ್ ಎಂದುಕೊಂಡಿರಬೇಕು.

ಆ ಬೇಸಿಗೆಯೆಲ್ಲ ಊರಿನಲ್ಲಿ ಗ್ರಿಜೆಲ್‌ಗೆ ಚುಚ್ಚು ಮಾತು ತಪ್ಪಲಿಲ್ಲ. ಬಾವಿಕಟ್ಟೆಯಲ್ಲಿ ಒಬ್ಬಳು, ನಿಮ್ಮಪ್ಪನ ಕಲ್ಲಿನ ಮೇಲಿನ ಮಾತನ್ನು ಅಳಿಸಬೇಕಾಯ್ತಲ್ಲ ಎಂದಳಂತೆ. ಮೂರರಲ್ಲಿ ಒಂದು ಬೀಗ ಸರಿಯಾಗೇ ಮಾಡಿದ್ದ, ಮೂರನೇ ಒಂದು ಭಾಗ ಬಿಟ್ಟು ಉಳಿದದ್ದು ಅಳಿಸು ಎಂದಳಂತೆ ಗ್ರಿಜೆಲ್. ಯಾರೂ ಅಳಿಸಲಿಲ್ಲ. ಹೊಸ ಬೀಗ ಹಾಕಿಸುವ ವಿಷಯ ಪುರಸಭೆಯ ಮುಂದೆ ಏಳು ಸಲ ಬಂತು, ಏಳು ಸಲವೂ ಮುಂದಿನ ಸಭೆಗೆ ಹೋಯಿತು.

ಗೋಡೆಗೆ ಪಾರ್ಲಿಮೆಂಟಿನ ಒಪ್ಪಿಗೆ ಸಿಗಲು ಎರಡು ವರ್ಷ ಹಿಡಿಯಿತು. ಗೋಡೆ ಮುಗಿದದ್ದು ೧೮೩೧ರ ಆಗಸ್ಟಿನಲ್ಲಿ. ಮರುವರ್ಷ ಹೊಸ ಕಾನೂನು ಬಂದು ಪ್ರತಿನಿಧಿಗಳ ಪದ್ಧತಿಯೇ ಹೋಯಿತು.

ಆ ಎರಡರ ನಡುವೆ ಒಂದು ನವೆಂಬರ್ ಬಂತು. ಮೂರು ದಿನ ಪೂರ್ವದ ಗಾಳಿ. ಮೂರನೆಯ ದಿನ ಮಧ್ಯಾಹ್ನ ಹತ್ತೊಂಬತ್ತು ದೋಣಿಗಳು ಹೊರಗಿದ್ದವು. ಊರೆಲ್ಲ ಗೋಡೆಯ ಮೇಲಿತ್ತು. ಅಲೆಗಳು ಹೊರಮೈಗೆ ಬಡಿದು ತಲೆಯ ಮೇಲೆ ಹಾರುತ್ತಿದ್ದವು, ಒಳಗಿನ ನೀರು ಸುಮ್ಮನೆ ಅಲ್ಲಾಡುತ್ತಿತ್ತು ಅಷ್ಟೇ. ಒಂದೊಂದಾಗಿ ದೋಣಿಗಳು ಗೋಡೆಯ ತುದಿ ಸುತ್ತಿ ಒಳಗೆ ಬಂದವು. ನಾನು ಪತ್ರಿಕೆಗೆ ಬರೆದು ಕಳಿಸಲೆಂದು ಗಟ್ಟಿಯಾಗಿ ಎಣಿಸುತ್ತಿದ್ದೆ. ಹದಿನೆಂಟನೆಯದು ಕ್ವಿಂಟಿನ್‌ನದು.

ಗ್ರಿಜೆಲ್ ಅವನ ದೋಣಿ ಕಂಡೊಡನೆ ಮನೆಗೆ ಹೊರಟಳು. ಅವನು ದಡ ಮುಟ್ಟುವವರೆಗೆ ನಿಲ್ಲದೆ ಅವಳು ತಿರುಗಿ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ಇನ್ನೂ ಒಂದು ದೋಣಿ ಬಾಕಿ ಇದೆ, ನೋಡಲ್ವಾ ಎಂದು ನಾನು ಕೇಳಿದೆ.

“ಬರುತ್ತೆ ಬಿಡಪ್ಪ,” ಎಂದಳು. “ಒಲೆ ಮೇಲೆ ಸಾರಿಟ್ಟು ಬಂದಿದ್ದೀನಿ.”

ಹತ್ತೊಂಬತ್ತನೆಯದೂ ಬಂತು.