ಹೊಂದದ ಪೈಪು

ನಾನು ಸರ್ಕಾರದಲ್ಲಿ ಕಾನೂನಿನ ಕರಡು ಬರೆಯುವ ವಕೀಲೆ. ವಿಷಕಾರಿ ರಾಸಾಯನಿಕಗಳನ್ನು ಯಾರು ಸಾಗಿಸಬೇಕು, ಎಲ್ಲಿ ಇಡಬೇಕು, ತಪ್ಪಾದರೆ ಯಾರು ಬಂದು ಬೀಗ ಜಡಿಯಬೇಕು ಎನ್ನುವ ಕಾನೂನು. ಈ ಕರಡು ಹುಟ್ಟಿದ್ದು ನನ್ನ ಮಗಳು ಹುಟ್ಟಿದ ವರ್ಷವೇ. ಅವಳು ಮಾತು ಕಲಿತಳು, ಓಟ ಕಲಿತಳು, ಈಗ ಈಜು ಕಲಿಯುತ್ತಿದ್ದಾಳೆ. ಇದು ಮಾತ್ರ ಇನ್ನೂ ಅಂಬೆಗಾಲಿಡುತ್ತಿದೆ. ಆರೋಗ್ಯದವರು ಇದು ಕೈಗಾರಿಕೆಯವರ ಕೆಲಸ ಅನ್ನುತ್ತಾರೆ, ಕೈಗಾರಿಕೆಯವರು ಪರಿಸರದವರ ಕಡೆ ಬೆರಳು ತೋರಿಸುತ್ತಾರೆ, ಪರಿಸರದವರು ಸಭೆಗೇ ಬರುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ.

ಆ ದಿನವೂ ಸಭೆ ಮುಂದಕ್ಕೆ ಹೋಯಿತು. ಹಾಳಾಗಿ ಹೋಗಲಿ ಎಂದು ಮಧ್ಯಾಹ್ನವೇ ಎದ್ದು ಮಗಳನ್ನು ಕರೆತರಲು ಈಜುಕೊಳಕ್ಕೆ ಹೋದೆ. ಮುಂದಿನ ಗೇಟಿನಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಹಿಂದೆ ಸುತ್ತಿಕೊಂಡು ಬಂದೆ.

ಹಿಂಬದಿಯ ಗೋಡೆಯಲ್ಲಿ ಎರಡು ಪೈಪಿನ ಬಾಯಿಗಳಿವೆ. ಅಗಲವಾದದ್ದು ಬ್ಲೀಚ್ ತೊಟ್ಟಿಗೆ, ಕಿರಿದಾದದ್ದು ಆಸಿಡ್ ತೊಟ್ಟಿಗೆ. ನೀರು ಶುದ್ಧವಾಗಿರಲು ಎರಡೂ ಬೇಕು, ಆದರೆ ಒಂದನ್ನೊಂದು ಮುಟ್ಟಬಾರದು. ಮುಟ್ಟಿದರೆ ವಿಷಗಾಳಿ ಏಳುತ್ತದೆ. ಅದಕ್ಕೇ ಕಟ್ಟಿಸಿದ ಯಾರೋ ಪುಣ್ಯಾತ್ಮ ಬೇಕೆಂದೇ ಎರಡು ಅಳತೆ ಇಟ್ಟಿದ್ದ. ಒಂದರ ಪೈಪು ಇನ್ನೊಂದಕ್ಕೆ ಕೂರುವುದಿಲ್ಲ.

ಕೂತಿತ್ತು. ಬಿಳಿ ಟ್ಯಾಂಕರ್ ಲಾರಿಯಿಂದ ಬಂದ ಸಣ್ಣ ಪೈಪು, ನಡುವೆ ಒಂದು ಕಬ್ಬಿಣದ ಉಂಗುರ ಹಾಕಿಕೊಂಡು, ಅಗಲದ ಬಾಯಿಗೆ ಕಚ್ಚಿ ಕೂತಿತ್ತು. ಪಕ್ಕದಲ್ಲಿ ಪಂಪು ನೋಡಿಕೊಳ್ಳುವವರು ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಮಕ್ಕಳೆಲ್ಲ ಅವರನ್ನು ಪಂಪ್ ಮಾಮ ಅನ್ನುತ್ತಾರೆ. ಒಳ್ಳೆಯ ಮನುಷ್ಯ.

"ಏನ್ ಮಾಮ, ಇದ್ಯಾವ ಉಂಗುರ?"

"ಇದಾ? ವೆಲ್ಡಿಂಗ್ ಅಂಗಡೀಲಿ ನಾನೇ ಮಾಡಿಸ್ದೆ ಕಣಮ್ಮ. ಒಂದೊಂದು ಸಲ ಒಂದೊಂದು ಅಳತೆ ಪೈಪ್ ತಂದು ಪ್ರಾಣ ತಿಂತಾರೆ. ಈಗ ಯಾವ ಪೈಪ್ ತಂದ್ರೂ ಯಾವ ಬಾಯಿಗಾದ್ರೂ ಕೂರತ್ತೆ. ತಲೆ ಇರ್ಬೇಕು ನೋಡಿ!"

ಲಾರಿಯ ಹಿಂಭಾಗಕ್ಕೆ ಕಣ್ಣು ಹೋಯಿತು. ಸುಟ್ಟ ಕೈಯ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಆಸಿಡ್ ಎಂದು ಬರೆದಿತ್ತು.

"ಮಾಮ, ಇದು ಆಸಿಡ್ ಲಾರಿ!"

"ಎಲ್ಲಿಂದ ಬಂತು? ಇವತ್ತು ಬ್ಲೀಚ್ ಬರೋ ದಿನ. ಅದೇ ಕಂಪನಿ, ಅದೇ ಬಿಳಿ ಲಾರಿ. ಡ್ರೈವರ್ ಟೀ ಕುಡಿಯೋಕೆ ಹೋಗಿದಾನೆ, ಬೇಕಾದ್ರೆ ಕೇಳಿ."

ಪೈಪು ಹೊಂದಲಿಲ್ಲ ಎಂದರೆ ಲಾರಿಯೇ ಬೇರೆ ಎಂದು ಆ ಬಾಯಿ ಕೂಗಿ ಹೇಳಿತ್ತು. ಈ ಪುಣ್ಯಾತ್ಮ ಅದರ ಬಾಯಿಗೇ ಉಂಗುರ ತೊಡಿಸಿದ್ದರು! ಗೋಡೆಯ ಆಚೆ ಮಕ್ಕಳ ಕೇಕೆ ಕೇಳುತ್ತಿತ್ತು.

"ಮುಚ್ಚಿ! ಮೊದ್ಲು ವಾಲ್ವ್ ಮುಚ್ಚಿ!"

"ಕೂಗಾಡ್ಬೇಡಿ. ಹೇಳೋಕೆ ನೀವ್ಯಾರು? ಯಾವ ಇಲಾಖೆ?"

ಎಂಟು ವರ್ಷದಿಂದ ನಾವು ಸಭೆಯಲ್ಲಿ ಕೇಳಿಕೊಳ್ಳುತ್ತಿರುವ ಪ್ರಶ್ನೆ ಅದೇ.

"ಎಲ್ಲಾ ಇಲಾಖೆ ಕಣ್ರೀ! ಎಲ್ಲಾ ಇಲಾಖೆ! ಮುಚ್ಚಿ!" ಎಂದು ಕಿರುಚಿದೆ.

ಅಷ್ಟರಲ್ಲಿ ಗೋಡೆಯೊಳಗೆ ಏನೋ ಕುದಿಯುವ ಸದ್ದಾಯಿತು. ಮೂಗಿಗೆ ಸೂಜಿ ಚುಚ್ಚಿದ ಹಾಗೆ ಘಾಟು ಬಂತು. ಪಂಪ್ ಮಾಮ "ಅಯ್ಯೋ ಕೆಟ್ಟೆ!" ಎಂದು ವಾಲ್ವಿನ ಕಡೆ ಓಡಿದರು. ನಾನು ಒಳಗೆ ಓಡಿದೆ.

ಈಜು ಕಲಿಸುವ ಮೇಷ್ಟ್ರು ಸೀಟಿ ಬಾಯಲ್ಲಿಟ್ಟುಕೊಂಡೇ ಅಡ್ಡ ಬಂದರು. "ಮೇಡಂ, ಚಪ್ಪಲಿ ಹಾಕ್ಕೊಂಡು ಒಳಗೆ ಬರ್ಬಾರ್ದು."

"ಚಪ್ಪಲಿ ಮನೆ ಹಾಳಾಗ! ವಿಷಗಾಳಿ ಬರ್ತಿದೆ, ಮಕ್ಕಳನ್ನ ಎತ್ತಿ! ಮುಂದಿನ ಗೇಟಿಂದ ಹೊರಗೆ! ಸರ್ಕಾರದ ಆರ್ಡರ್!"

ಯಾವ ಸರ್ಕಾರ, ಯಾವ ಆರ್ಡರ್! ಆದರೆ ಆ ಮಾತಿಗೆ ಅವರು ನಡುಗಿದರು. ಸೀಟಿ ಊದಿದರು. ಒದ್ದೆ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತ ಬೀದಿಗೆ ಓಡಿದವು. ನಾನು ಒಂದೊಂದು ಮುಖವನ್ನೂ ಹಿಡಿದು ತಿರುಗಿಸಿ ನೋಡಿದೆ. ನನ್ನದು ಇರಲಿಲ್ಲ.

"ಅವ್ಳು ಚಳಿ ಅಂತ ಬಟ್ಟೆ ಹಾಕ್ಕೊಳೋಕೆ ಹೋದ್ಲು ಆಂಟಿ," ಅಂದಿತು ಒಂದು ಹುಡುಗಿ.

ಬಟ್ಟೆ ಬದಲಾಯಿಸುವ ಕೋಣೆ ಇರುವುದು ತೊಟ್ಟಿಗಳ ನೆತ್ತಿಯ ಮೇಲೆ. ಸೆರಗು ಮೂಗಿಗೆ ಒತ್ತಿಕೊಂಡು ಒಳಗೆ ನುಗ್ಗಿದೆ. ನೆಲದ ಜಾಲರಿಯಿಂದ ಹಳದಿ ಹಸಿರು ಹೊಗೆ ಮೆಲ್ಲಗೆ ಏಳುತ್ತಿತ್ತು. ಮಗಳು ಮೂಲೆಯ ಬೆಂಚಿನ ಕೆಳಗೆ ಮುದುರಿ ಕೂತು ಕೆಮ್ಮುತ್ತಿದ್ದಳು. ಹೆದರಿದಾಗ ಮನೆಯಲ್ಲೂ ಮಂಚದ ಕೆಳಗೆ ಸೇರಿಕೊಳ್ಳುವ ಅಭ್ಯಾಸ ಅವಳಿಗೆ. ಈ ಗಾಳಿ ಭಾರ, ನೆಲದಲ್ಲೇ ಮಲಗುತ್ತದೆ. ಎಳೆದು ಹೆಗಲಿಗೆ ಹಾಕಿಕೊಂಡು ಹೇಗೆ ಹೊರಗೆ ಬಂದೆನೋ, ಆ ದೇವರಿಗೇ ಗೊತ್ತು.

ಮನೆಯಲ್ಲಿ ಅವಳನ್ನು ಚಿನಕುರುಳಿ ಅನ್ನುತ್ತೇವೆ. ಬಾಯಿ ಅಷ್ಟು ಚುರುಕು. ನಿದ್ದೆಯಲ್ಲೂ ಯಾರ ಜೊತೆಗೋ ವಾದ ಮಾಡುತ್ತಾಳೆ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. "ಏನಾದ್ರೂ ಹೇಳೇ, ಬೈಯಾದ್ರೂ ಬೈಯೇ," ಎಂದೆ. ನನ್ನ ಬೆರಳು ಗಟ್ಟಿಯಾಗಿ ಹಿಡಿದುಕೊಂಡಳು, ಅಷ್ಟೇ.

ಡ್ಯೂಟಿಯಲ್ಲಿದ್ದವನು ಇನ್ನೂ ಮೀಸೆ ಚಿಗುರುತ್ತಿದ್ದ ಡಾಕ್ಟರು. ಮಗಳನ್ನು ಪರದೆಯ ಹಿಂದೆ ಮಲಗಿಸಿ, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇಟ್ಟು ಹೊರಗೆ ಬಂದ.

"ಸುಳ್ಳು ಹೇಳಲ್ಲಮ್ಮ. ಈ ಗಾಳಿ ಕುಡಿದವ್ರನ್ನ ನಾನು ಇದುವರೆಗೂ ನೋಡಿಲ್ಲ. ಈಗ ಪರವಾಗಿಲ್ಲ ಅನ್ಸತ್ತೆ, ಆದ್ರೆ ಆಮೇಲೆ ಇದ್ದಕ್ಕಿದ್ದ ಹಾಗೆ ಶ್ವಾಸಕೋಶದಲ್ಲಿ ನೀರು ತುಂಬ್ಕೋಬಹುದು ಅಂತ ಓದಿದೀನಿ. ದೊಡ್ಡ ಡಾಕ್ಟ್ರು ಫೋನ್ ಎತ್ತುತಿಲ್ಲ. ಇರಿ, ಇದಕ್ಕೇ ಅಂತ ಒಂದು ನಂಬರ್ ಇದೆ, ಕೇಳ್ತೀನಿ."

ಗೊತ್ತಿಲ್ಲ ಅಂದದ್ದಕ್ಕೆ ಅವನ ಮೇಲೆ ಸಿಟ್ಟು ಬಂತು. ಅಷ್ಟಾದರೂ ಒಪ್ಪಿಕೊಂಡನಲ್ಲ ಎಂದು ಕೈಮುಗಿಯಬೇಕು ಅಂತಲೂ ಅನ್ನಿಸಿತು. ಅವನು ಕಾರಿಡಾರಿನ ತುದಿಗೆ ಹೋಗಿ, ಗೋಡೆಗೆ ಅಂಟಿಸಿದ್ದ ಹಾಳೆ ನೋಡಿ ನಂಬರ್ ಒತ್ತಿದ.

ನನ್ನ ಕೈಚೀಲದಲ್ಲಿ ಫೋನ್ ಬಡಿದುಕೊಂಡಿತು. ಯಜಮಾನರು ಇರಬೇಕು ಎಂದು ನೋಡದೆ ಕಿವಿಗಿಟ್ಟೆ.

"ಹಲೋ, ರಾಜ್ಯ ವಿಷ ಮಾಹಿತಿ ಕೇಂದ್ರನಾ?"

ಆ ದನಿ ಫೋನಿನಲ್ಲೂ ಕೇಳಿಸಿತು, ಕಾರಿಡಾರಿನ ತುದಿಯಿಂದಲೂ ಕೇಳಿಸಿತು.

ಅಂಥ ಕೇಂದ್ರ ಇನ್ನೂ ಇಲ್ಲ. ನನ್ನ ಕರಡಿನಲ್ಲಿ ಮಾತ್ರ ಇದೆ. ಕಾನೂನು ಇವತ್ತು ನಾಳೆ ಬಂದೇಬಿಡುತ್ತದೆ ಎಂದು ಯಾರೋ ಉತ್ಸಾಹದಲ್ಲಿ ನಂಬರನ್ನು ಮುದ್ರಿಸಿ ಆಸ್ಪತ್ರೆಗಳಿಗೆಲ್ಲ ಹಂಚಿಬಿಟ್ಟಿದ್ದರು. ತಜ್ಞರ ನೇಮಕ ಆಗುವವರೆಗೆ ಎಂದು ಅದನ್ನು ನನ್ನ ಮೊಬೈಲಿಗೆ ತಿರುಗಿಸಿದ್ದರು. ಇದುವರೆಗೆ ಅದಕ್ಕೆ ಬಂದ ಕರೆಗಳೆಲ್ಲ ಅಡುಗೆ ಗ್ಯಾಸ್ ಸಿಲಿಂಡರ್ ಯಾವಾಗ ಬರುತ್ತೆ ಎಂದು ಕೇಳುವವರದೇ. ನಾವು ಆಫೀಸಿನಲ್ಲಿ ನಕ್ಕಿದ್ದೆವು.

"ಹಲೋ, ಕೇಳಿಸ್ತಿದ್ಯಾ? ಎಂಟು ವರ್ಷದ ಹುಡುಗಿ. ಕ್ಲೋರಿನ್ ಗಾಳಿ ಕುಡಿದಿದಾಳೆ. ಉಸಿರು ಜೋರಾಗ್ತಿದೆ. ಮುಂದೆ ಏನ್ ಮಾಡ್ಲಿ, ಬೇಗ ಹೇಳಿ!"

"ಡಾಕ್ಟ್ರೇ," ಎಂದೆ.

ಅವನು ತಿರುಗಿದ. ಫೋನು ಕಿವಿಯಲ್ಲೇ ಇತ್ತು.

"ನೀವಾ?"

"ನಾನೇ."

"ನೀವು... ಡಾಕ್ಟ್ರಾ?"

"ಅಲ್ಲಪ್ಪ. ವಕೀಲೆ."

ಎದುರಿಗೇ ನಿಂತಿದ್ದರೂ ಅವನು ಫೋನಿನಲ್ಲೇ ಮಾತಾಡಿದ. ನಾನು ಒಂದು ಆಫೀಸು, ನನ್ನ ಹಿಂದೆ ಕುರ್ಚಿಗಳು, ಕುರ್ಚಿಗಳಲ್ಲಿ ತಿಳಿದವರು ಇದ್ದಾರೆ ಎಂದೇ ನಂಬಿದ್ದ, ಪಾಪ.

"ಅಲ್ಲಿ ಬೇರೆ ಯಾರಾದ್ರೂ ಇದ್ರೆ ಕೊಡಿ ಮೇಡಂ. ದಯವಿಟ್ಟು."

ಪರದೆಯ ಹಿಂದೆ ಮಗಳು ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ.

"ಇಲ್ಲಿ ಯಾರೂ ಇಲ್ಲ," ಎಂದೆ.