ಅಂಚು ಕತ್ತರಿಸಿದ ಮಾತ್ರೆಗಳು

ಅಂಗಿ ಬಿಗಿಯಾದರೆ ತೊಟ್ಟವನು ದಪ್ಪಗಾಗಿದ್ದಾನೆ, ಸಡಿಲವಾದರೆ ಸೊರಗಿದ್ದಾನೆ. ದರ್ಜಿಯ ಅಳತೆ ಮಾತ್ರ ಎಂದೂ ತಪ್ಪಿದ್ದಲ್ಲ. ಊರಿನವರು ಅವರನ್ನು 'ಅಳತೆ ಮೇಷ್ಟ್ರು' ಎಂದು ಕರೆಯುತ್ತಿದ್ದುದು ಅರ್ಧ ಗೌರವಕ್ಕೆ. ಉಳಿದರ್ಧ ಯಾತಕ್ಕೆಂದು ಮೇಷ್ಟ್ರು ವಿಚಾರಿಸಲು ಹೋಗಿರಲಿಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ.

ಆ ಬೆಳಿಗ್ಗೆ ಮಾತ್ರ ಅವರ ಜಂಬ ನಡೆಯಲಿಲ್ಲ. ಹತ್ತು ದಿನಗಳಿಂದ ಸುಸ್ತು ಸುಸ್ತು ಎನ್ನುತ್ತಿದ್ದ ಹೆಂಡತಿ, ಒಲೆ ಆರಿಸಿ ತಿರುಗಿದವಳು, ಗೋಡೆ ಹಿಡಿದುಕೊಂಡು ಹಾಗೇ ಕುಸಿದಿದ್ದಳು. ಪಕ್ಕದ ಮನೆಯವರ ಕಾರಿನಲ್ಲಿ ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆತಂದರು.

ಕೇಂದ್ರವೆಂದರೆ ನಾಲ್ಕು ಕೋಣೆ, ಒಂದು ಉದ್ದನೆಯ ಬೆಂಚು, ಔಷಧಿ ಕೊಡುವ ಕಿಟಕಿ. ನರ್ಸಮ್ಮ ನಾಡಿ ಎಣಿಸಿದಳು. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದಳು. ನಿಮಿಷಕ್ಕೆ ನಲವತ್ತೆರಡು.

ಡಾಕ್ಟರಮ್ಮ ಎದೆಗೆ ತಂತಿಗಳನ್ನು ಅಂಟಿಸಿ, ಯಂತ್ರದಿಂದ ಬಂದ ಕಾಗದವನ್ನು ನೋಡಿದರು. "ಹೃದಯ ತುಂಬ ನಿಧಾನಕ್ಕೆ ಬಡೀತಾ ಇದೆ. ಕಾರಣ ಗೊತ್ತಾಗದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕಾಗುತ್ತೆ."

ದೊಡ್ಡಾಸ್ಪತ್ರೆ ಮೂರು ಗಂಟೆಯ ದಾರಿ. ಅಷ್ಟು ಹೊತ್ತು ಇವಳು ತಡೆದಾಳೆಯೇ ಎಂದು ಮೇಷ್ಟ್ರು ಮಂಚದ ಕಡೆ ನೋಡಿದರು. ಮೂವತ್ತೆಂಟು ವರ್ಷ ಕಾಲು ಕೆರೆದು ಜಗಳವಾಡಿದ ಹೆಂಗಸು ಈಗ ಸುಮ್ಮನೆ ಮಲಗಿದ್ದಳು. ಆ ಮೌನವೇ ಅವರ ಜೀವ ಹಿಂಡುತ್ತಿತ್ತು.

"ಬಿಪಿಗೆ ಇಲ್ಲಿಂದಲೇ ಮಾತ್ರೆ ತಗೊಂಡು ಹೋಗ್ತೀರಲ್ವಾ? ಅದು ಬಿಟ್ಟು ಬೇರೆ ಏನಾದ್ರೂ ನುಂಗ್ತಾರಾ?" ಡಾಕ್ಟರಮ್ಮ ಕೇಳಿದರು.

ಇದಕ್ಕಾದರೆ ಮೇಷ್ಟ್ರ ಬಳಿ ಉತ್ತರವಿತ್ತು. ಹೊರಡುವ ಗಡಿಬಿಡಿಯಲ್ಲೂ ಮಡಚಿ ಹೆಗಲ ಚೀಲಕ್ಕೆ ಹಾಕಿಕೊಂಡಿದ್ದ ಬಟ್ಟೆಯನ್ನು ಮೇಜಿನ ಮೇಲೆ ಬಿಡಿಸಿದರು. ಸಾಲಾಗಿ ಹೊಲಿದ ಪುಟ್ಟ ಪುಟ್ಟ ಜೇಬು. ಮೇಲಿನ ಸಾಲು ನೀಲಿ, ಕೆಳಗಿನದು ಕೆಂಪು, ವಾರದ ಏಳು ದಿನಕ್ಕೂ ಒಂದೊಂದು. "ನೀಲಿ ನಿಮ್ಮದು. ಕೆಂಪು, ಮಗಳ ಮನೆಗೆ ಹೋದಾಗ ಅಲ್ಲಿನ ಡಾಕ್ಟ್ರು ಬರೆದುಕೊಟ್ಟಿದ್ದು. ಒಂದು ದಿನ ತಪ್ಪಿಸಿಲ್ಲ. ನಾನೇ ಎದುರಿಗೆ ಕೂತು ನುಂಗಿಸ್ತೀನಿ."

ನರ್ಸಮ್ಮ ಕೆಂಪು ಜೇಬಿನಿಂದ ಮಾತ್ರೆಯೊಂದನ್ನು ಹೊರತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. ಪ್ಲಾಸ್ಟಿಕ್ ಪೊರೆಯೊಳಗೆ ಬಿಳಿ ಗುಳಿಗೆಯಿತ್ತು, ಸುತ್ತ ಒಂದಕ್ಷರವೂ ಇರಲಿಲ್ಲ. "ಹೆಸರೆಲ್ಲಿ ಮೇಷ್ಟ್ರೇ?"

"ಜೇಬಿಗೆ ಹಿಡೀತಿರಲಿಲ್ಲ. ಅಂಚು ಕತ್ತರಿಸಿದೆ."

ಕತ್ತರಿ ಹಿಡಿದ ಕೈ ಸುಮ್ಮನಿರಬೇಕಲ್ಲ! ಒಂದೊಂದು ಮಾತ್ರೆಯನ್ನೂ ಕಾಲರಿನ ತುದಿಯಂತೆ ನಾಜೂಕಾಗಿ ಸುತ್ತ ಕತ್ತರಿಸಿದ್ದರು. ಡಾಕ್ಟರಮ್ಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ಮಗಳಿಗೆ ಫೋನ್ ಮಾಡಿ." ಮಗಳು ಫೋನ್ ಎತ್ತಲಿಲ್ಲ. "ಡಾಕ್ಟ್ರು ಬರೆದುಕೊಟ್ಟ ಚೀಟಿ?" ಅದು ಮಗಳ ಮನೆಯಲ್ಲೇ ಉಳಿದಿತ್ತು.

ಆಗ ಮೇಷ್ಟ್ರಿಗೆ ಹೊಳೆಯಿತು. ದರ್ಜಿಯಾದವನು ತುಂಡನ್ನು ಎಸೆಯುವುದುಂಟೇ? ಅವರು ಓಡಿದರು. ಅರವತ್ತಾರರ ಮನುಷ್ಯ ನಡುಬೀದಿಯಲ್ಲಿ ಓಡುವುದನ್ನು ಊರು ಬಾಯಿಬಿಟ್ಟುಕೊಂಡು ನೋಡಿತು. ಅಂಗಡಿಯ ಬಾಗಿಲು ತೆಗೆದು, ಹೊಲಿಗೆ ಯಂತ್ರದ ಕೆಳಗಿದ್ದ ಚಿಂದಿ ಚೀಲವನ್ನು ನೆಲಕ್ಕೆ ಸುರಿದರು. ಚೂರು ಪಾರು ಬಟ್ಟೆ, ದಾರದ ಸಿಕ್ಕು, ಅರ್ಧ ಗುಂಡಿ. ನಡುವೆ ಮಾತ್ರೆ ಹಾಳೆಯ ಮಿಣಮಿಣ ಬೆಳ್ಳಿ ಚೂರುಗಳು. ಕಂಡಷ್ಟನ್ನೂ ಮುಷ್ಟಿಯಲ್ಲಿ ಬಾಚಿಕೊಂಡು ಬಂದರು.

ಕಿಟಕಿಯೊಳಗಿನ ಔಷಧಿಯಾತ ಚೂರುಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸಿದ. ಕಂಪನಿಯ ದಪ್ಪಕ್ಷರದ ಹೆಸರು ನೀಲಿ ಜೇಬಿನ ಮಾತ್ರೆಗೊಂದು, ಕೆಂಪಿನದಕ್ಕೆ ಇನ್ನೊಂದು. ಅದರ ಕೆಳಗಿನ ಇರುವೆಯಂಥ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದವನು, "ಡಾಕ್ಟ್ರೇ, ಎರಡೂ ಒಂದೇ ಔಷಧಿ!" ಎಂದ.

"ಒಂದೇ ಅಂದ್ರೆ?" ಮೇಷ್ಟ್ರ ತಲೆಗೆ ಹೋಗಲಿಲ್ಲ.

"ಒಂದೇ ಥಾನಿನ ಬಟ್ಟೇಲಿ ಇಬ್ಬರು ದರ್ಜಿಗಳು ಅಂಗಿ ಹೊಲಿದ ಹಾಗೆ, ಮೇಷ್ಟ್ರೇ. ನೀವು ಒಂದರ ಮೇಲೊಂದು ಎರಡೂ ತೊಡಿಸಿದ್ದೀರಿ," ಎಂದ ಔಷಧಿಯಾತ.

ಡಾಕ್ಟರಮ್ಮನ ಮುಖದ ಗಂಟು ಸಡಿಲವಾಯಿತು. ಬಡಿತವನ್ನು ನಿಧಾನ ಮಾಡುವ ಮಾತ್ರೆ ಎರಡು ಪಟ್ಟು ಹೊಟ್ಟೆಗೆ ಸೇರಿತ್ತು, ಕಾರಣ ಸಿಕ್ಕಿತ್ತು. ಒಂದು ಚುಚ್ಚುಮದ್ದು ಕೊಟ್ಟು, ಎರಡೂ ಮಾತ್ರೆ ನಿಲ್ಲಿಸಿ, ಸಂಜೆಯವರೆಗೆ ಇಲ್ಲೇ ಇರಲಿ ಎಂದರು. ಮೇಷ್ಟ್ರು ಮಂಚದ ಬಳಿ ಕುಳಿತು ಯಂತ್ರದ ಅಂಕಿಯನ್ನೇ ನೋಡುತ್ತಿದ್ದರು. ಮಧ್ಯಾಹ್ನಕ್ಕೆ ನಲವತ್ತೊಂಬತ್ತು. ಮೂರಕ್ಕೆ ಐವತ್ತಾರು. ಐದರ ಹೊತ್ತಿಗೆ ಅರವತ್ತಮೂರು. ಹೆಂಡತಿ ಎದ್ದು ಕುಳಿತು, ಹಸಿವು ಅಂದಳು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ನಾಚಿಕೆ ಬಿಟ್ಟು ಅತ್ತರು.

"ಲೇ, ತಪ್ಪು ನನ್ನದೇ ಕಣೇ," ಎಂದರು.

ಅವಳು ಕಣ್ಣರಳಿಸಿದಳು. "ಏನಂದ್ರಿ? ಇನ್ನೊಂದ್ಸಲ ಹೇಳಿ. ಮದುವೆಯಾದಾಗಿಂದ ಕೇಳೇ ಇಲ್ಲ ಈ ಮಾತು. ಅದೂ ಯಾರೂ ಇಲ್ಲದಾಗ ಹೇಳ್ತೀರಲ್ಲ."

"ಯಾರಿದ್ದರೇನು?" ಮೇಷ್ಟ್ರಿಗೆ ರೋಷ ಬಂತು. ಎದ್ದು ಹೊರಗೆ ಹೋದರು. ಬೆಂಚಿನ ಮೇಲೆ ಸಂಜೆಯ ಸರದಿಯ ಎಂಟು ಹತ್ತು ಮಂದಿ ಕೂತಿದ್ದರು. ಅರ್ಧದಷ್ಟು ಜನ ಅವರ ಗಿರಾಕಿಗಳೇ. ಅವರೆದುರು ನಿಂತು ಮೇಷ್ಟ್ರು ಎಲ್ಲವನ್ನೂ ಹೇಳಿದರು. ಎರಡು ಊರಿನ ಡಾಕ್ಟರು, ಎರಡು ಹೆಸರು, ಒಂದೇ ಮಾತ್ರೆ. ಹೆಸರಿದ್ದ ಅಂಚನ್ನು ತಾನೇ ಕತ್ತರಿಸಿದ್ದು. ಕೇಳದೆ ನುಂಗಿಸಿ ಹೆಂಡತಿಯನ್ನು ಸಾವಿನ ಬಾಗಿಲವರೆಗೆ ದೂಡಿದ್ದು. ಕುಹಕಕ್ಕೆ ಕಾದು ನಿಂತರು.

ಯಾರೂ ನಗಲಿಲ್ಲ. ಕೈಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಿದ್ದ ಗಾರೆ ಕೆಲಸದವನು ನಿಧಾನವಾಗಿ ಎದ್ದು ಕಿಟಕಿಯ ಬಳಿಗೆ ಹೋದ. ಅಮ್ಮನಿಗೆಂದು ಆಗಷ್ಟೇ ಪಡೆದ ಮಾತ್ರೆಯನ್ನು ಒಂದು ಜೇಬಿನಿಂದ, ಪೇಟೆಯ ಅಂಗಡಿಯಲ್ಲಿ ಕೊಂಡದ್ದನ್ನು ಇನ್ನೊಂದರಿಂದ ತೆಗೆದು ಇಟ್ಟ.

"ಅಣ್ಣಾ, ಇದನ್ನೂ ಒಂಚೂರು ನೋಡ್ತೀರಾ?"

ಔಷಧಿಯಾತ ಕನ್ನಡಕ ಏರಿಸಿ ಓದಿದ. ಕುಳಿತಲ್ಲಿಂದ ಎದ್ದ.

"ಇವತ್ತಿಂದು ಕೊಟ್ಟಾಯ್ತಾ?"

"ಇಲ್ಲ. ಪೇಟೆಯದ್ದು ನಿನ್ನೆ ತಂದಿದ್ದು. ಎರಡನ್ನೂ ಇವತ್ತು ಊಟ ಆದ್ಮೇಲೆ ಶುರು ಮಾಡೋಣ ಅಂತಿದ್ದೆ."

"ಇದೂ ಒಂದೇ ಔಷಧಿ. ಎರಡನ್ನೂ ಒಟ್ಟಿಗೆ ಕೊಡ್ಬೇಡ," ಎಂದ ಔಷಧಿಯಾತ.

ಗಾರೆ ಕೆಲಸದವನು ಮೇಷ್ಟ್ರ ಕೈಯನ್ನು ತನ್ನ ಗಾಯದ ಕೈಯಲ್ಲೇ ಹಿಡಿದುಕೊಂಡ, ಎಷ್ಟು ಹೊತ್ತಾದರೂ ಬಿಡಲಿಲ್ಲ.