ಕೆಂಪು ಬಕೆಟ್ಟಿನ ಮಾಪು

ಈ ಕಥೆಯನ್ನು ಕಂಪ್ಯೂಟರ್ ನೆಟ್‌ವರ್ಕ್ ಬಗ್ಗೆ ಚೆನ್ನಾಗಿ ಓದಿದವರು ಹೇಳಬೇಕಿತ್ತು. ಸಂಜೆ ತರಗತಿಯಲ್ಲಿ ಅಷ್ಟೋ ಇಷ್ಟೋ ಕಲಿತ ಕೈ ಬರೆದದ್ದು ಇದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೇಳದೆ ಸುಮ್ಮನಿದ್ದರೆ ಅದು ಇನ್ನೂ ದೊಡ್ಡ ತಪ್ಪಾಗುತ್ತಿತ್ತು ಅನ್ನಿಸಿತು.

ಒಂದು ಆಸ್ಪತ್ರೆ. ಅಲ್ಲಿ ಅತ್ತೆ ಸೊಸೆ ಇಬ್ಬರೂ ಕೆಲಸಕ್ಕಿದ್ದರು. ಅತ್ತೆ ಶುಚಿ ಕೆಲಸದವರ ಮೇಸ್ತ್ರಿ. ನರ್ಸುಗಳು ಬೆನ್ನ ಹಿಂದೆ ಅವಳನ್ನು "ಬಕೆಟ್ ಕಮಿಷನರ್" ಅನ್ನುತ್ತಿದ್ದರು. ಅವಳ ಕಾನೂನು ಒಂದೇ: ಸೋಂಕು ವಾರ್ಡಿಗೆ ಕೆಂಪು ಬಕೆಟ್, ಮಕ್ಕಳ ವಾರ್ಡಿಗೆ ನೀಲಿ. ಕೆಂಪು ಬಕೆಟ್ಟಿನ ನೆಲ ಒರೆಸುವ ಮಾಪನ್ನು ನೀಲಿಯಲ್ಲಿ ಅದ್ದಿದವರಿಗೆ ಅಂದೇ ಗ್ರಹಚಾರ ಬಿಡಿಸುತ್ತಿದ್ದಳು.

ಸೊಸೆ ಕಂಪ್ಯೂಟರ್ ವಿಭಾಗದವಳು. ಏಣಿ ಹತ್ತಿ, ಛಾವಣಿಯ ಹಲಗೆ ಸರಿಸಿ ಕೇಬಲ್ ಎಳೆಯುವುದು, ಒಂದು ಯಂತ್ರದ ಮಾತು ಇನ್ನೊಂದಕ್ಕೆ ಕೇಳುವಂತೆ ಮಾಡುವುದು ಅವಳ ಕೆಲಸ. ಡಿಗ್ರಿ ಆಗಿತ್ತು, ಮಗುವೂ ಆಗಿತ್ತು. ಈಗ ಕಂಪ್ಯೂಟರ್ ನೆಟ್‌ವರ್ಕ್ ಕಟ್ಟುವ, ಕಾಯುವ ವಿದ್ಯೆಯಲ್ಲಿ ಸ್ನಾತಕೋತ್ತರ ಪದವಿ ಓದುತ್ತೇನೆಂದು ಪಟ್ಟು ಹಿಡಿದಿದ್ದಳು. ಎರಡು ವರ್ಷ, ಸಂಜೆ ತರಗತಿ. ಸೀಟು ಸಿಕ್ಕಿತ್ತು. ಆ ದಿನ ಸಂಜೆ ಐದರೊಳಗೆ "ಬರುತ್ತೇನೆ" ಎಂದು ತಿಳಿಸದಿದ್ದರೆ ಅದು ಬೇರೆಯವರ ಪಾಲು. ಗಂಡನಿಗೆ ಸಂಜೆ ಪಾಳಿ. ಮಗುವನ್ನು ನೋಡಿಕೊಳ್ಳಲು ಅತ್ತೆ ಒಪ್ಪಬೇಕು. ಅತ್ತೆ ಒಪ್ಪಿರಲಿಲ್ಲ.

"ಮೂವತ್ತನಾಲ್ಕು ವರ್ಷಕ್ಕೆ ಮತ್ತೆ ಸ್ಕೂಲ್ ಬ್ಯಾಗಾ?" ಬೆಳಿಗ್ಗೆ ಊಟದ ಡಬ್ಬಿ ಕಟ್ಟುತ್ತಾ ಅತ್ತೆ ಕೇಳಿದ್ದಳು. "ಕೇಬಲ್ ಎಳೀತೀಯ, ಎಲ್ಲಾ ಕಡೆ ಇಂಟರ್ನೆಟ್ ಬರುತ್ತೆ. ಇನ್ನೇನು ಕಲೀಬೇಕು?"

"ಬರೋ ಹಾಗೆ ಮಾಡೋದು ಗೊತ್ತು ಅತ್ತೆ. ಬರಬಾರದ್ದನ್ನ ತಡೆಯೋದು ಪೂರ್ತಿ ಗೊತ್ತಿಲ್ಲ."

"ತಡೆಯೋಕೆ ಗೇಟಲ್ಲಿ ಸೆಕ್ಯೂರಿಟಿಯವನಿದಾನಲ್ಲ. ಮೀಸೆ ಬೇರೆ ಇದೆ."

"ಅವನ ಮೀಸೆಗೆ ಕಂಪ್ಯೂಟರ್ ವೈರಸ್ ಹೆದರಲ್ಲ ಅತ್ತೆ."

ಅತ್ತೆಗೆ ನಗು ಬಂತು. ನುಂಗಿಕೊಂಡಳು. "ಮಾತಿಗೇನೂ ಕಮ್ಮಿ ಇಲ್ಲ. ಸಂಜೆ ಮಗು ಅಮ್ಮಾ ಅಂತ ಅತ್ತರೆ ನಿನ್ನ ಡಿಗ್ರಿ ತೋರಿಸ್ಲಾ?"

ಸೊಸೆ ಡಬ್ಬಿ ಎತ್ತಿಕೊಂಡು ಹೊರಟಿದ್ದಳು.

ಮಧ್ಯಾಹ್ನ ನಾಲ್ಕು ಗಂಟೆ. ಅತ್ತೆ ಮಕ್ಕಳ ವಾರ್ಡಿನ ನೆಲ ಒರೆಸುತ್ತಿದ್ದಳು. ಬಾಗಿಲಾಚೆ ಏಣಿಯ ಮೇಲೆ ಸೊಸೆ, ಕೆಳಗೆ ಮ್ಯಾನೇಜರ್. ಕಾಯುವ ಕೋಣೆಗೆ ಹೊಸ ಟೀವಿ ಬಂದಿತ್ತು. ಬಂದವರು ತಮ್ಮ ಫೋನಿನಿಂದಲೇ ಅದರಲ್ಲಿ ಬೇಕಾದ್ದು ಹಾಕಿ ನೋಡಬಹುದು. ಮರುದಿನ ಮಾಲೀಕರು ಬಂದು ನೋಡುವವರಿದ್ದರು.

"ಇಲ್ಲೇ ಹತ್ತಿರದ ನೆಟ್‌ವರ್ಕ್ ಡಬ್ಬಿಗೆ ಸಿಕ್ಕಿಸಮ್ಮ," ಅಂದ ಮ್ಯಾನೇಜರ್.

"ಆಗಲ್ಲ ಸರ್. ಇದು ಮಕ್ಕಳ ಉಸಿರಾಟ ನೋಡೋ ಯಂತ್ರಗಳ ನೆಟ್‌ವರ್ಕ್. ಟೀವಿಗೆ ಬೇರೆ ಮಾಡ್ಬೇಕು. ಎರಡು ದಿನ ಕೊಡಿ."

"ಬರೀ ಟೀವಿ ಅಮ್ಮ! ಟೀವಿಗೇನು ಜ್ವರ ಬರುತ್ತಾ?"

"ಯಾರದೋ ಫೋನಲ್ಲಿರೋ ಕೆಟ್ಟ ಪ್ರೋಗ್ರಾಂ ಟೀವಿಗೆ ಹತ್ತಬಹುದು ಸರ್. ಎರಡನ್ನೂ ಒಂದೇ ನೆಟ್‌ವರ್ಕಿಗೆ ಹಾಕಿದ್ರೆ ಅಲ್ಲಿಂದ ಒಳಗಿನ ಯಂತ್ರಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ."

"ವೈರ್ ಎಳೆಯೋರು ವೈರ್ ಎಳೀರಿ. ದೊಡ್ಡ ಓದು ಓದಿದವರು ಬಂದು ಹೇಳ್ಲಿ, ಆಗ ಕೇಳ್ತೀನಿ. ನೀನು ಇಳಿ, ಬೇರೆಯವರು ಹಾಕ್ತಾರೆ."

ಸೊಸೆ ಇಳಿಯಲಿಲ್ಲ. ಕೇಬಲ್ಲಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಏಣಿಯ ಮೇಲೇ ಕೂತಳು. "ಕೆಲಸ ಹೋದ್ರೂ ಸರಿ ಸರ್. ಹಾಕೋಕೆ ಬಿಡಲ್ಲ."

ಏಣಿ ಸಣ್ಣಗೆ ಅಲುಗುತ್ತಿತ್ತು. ಅದು ಅತ್ತೆಯ ಕಣ್ಣಿಗೆ ಬಿತ್ತು.

ಅತ್ತೆಗೆ ನೆಟ್‌ವರ್ಕ್ ಗೊತ್ತಿಲ್ಲ. ಮಾಪು ಗೊತ್ತು. ಸರಸರ ಉಗ್ರಾಣಕ್ಕೆ ಹೋದವಳು ಕೆಂಪು ಬಕೆಟ್ಟನ್ನೂ ಅದರ ಮಾಪನ್ನೂ ತಂದು ಮ್ಯಾನೇಜರನ ಕಾಲಬುಡದಲ್ಲಿ ಕುಕ್ಕಿದಳು.

"ಸರ್, ನಿಮ್ಮ ಮೇಜು ಧೂಳಾಗಿದೆ. ಇದರಲ್ಲೇ ಒರೆಸಿಬಿಡ್ಲಾ?"

ಮ್ಯಾನೇಜರ್ ಹಾವು ಮೆಟ್ಟಿದವನ ಹಾಗೆ ಹಿಂದಕ್ಕೆ ಹಾರಿದ. "ಏಯ್! ಅದು ಸೋಂಕು ವಾರ್ಡಿಂದು!"

"ಬರೀ ಮಾಪು ಸರ್."

ಮಕ್ಕಳನ್ನು ತೋರಿಸಲು ಸಾಲಿನಲ್ಲಿ ಕೂತಿದ್ದ ತಾಯಂದಿರಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ತೊಳೆದು ಒಣಗಿಸಿಟ್ಟಿದ್ದು ಇದು," ಅಂದಳು ಅತ್ತೆ. "ಆದ್ರೂ ಹೆದರಿದ್ರಿ. ಹೆದರಬೇಕು ಸರ್, ತಪ್ಪೇನಿಲ್ಲ. ಬಕೆಟ್ ಬೇರೆ ಮಾಡೋಕೆ ಅವಳು ಎರಡು ದಿನ ಕೇಳ್ತಿದಾಳೆ. ಕೊಡಿ."

"ನಾಳೆ ಮಾಲೀಕರಿಗೆ ನಾನೇನು ಹೇಳ್ಲಿ?"

"ನನ್ನನ್ನ ಕರೀರಿ. ಮಾಪು ತಗೊಂಡೇ ಬರ್ತೀನಿ."

"ಎರಡೇ ದಿನ!" ಎಂದು ಗೊಣಗುತ್ತಾ ಮ್ಯಾನೇಜರ್ ಹೋದ.

"ಇಳಿಯೇ ಕೆಳಗೆ," ಅತ್ತೆ ಏಣಿ ಹಿಡಿದುಕೊಂಡಳು. "ಗಂಟೆ ಎಷ್ಟು?"

"ನಾಲ್ಕು ಹತ್ತು."

"ಮತ್ತೆ ಮುಖ ಏನು ನೋಡ್ತೀಯ? ಬರ್ತೀನಿ ಅಂತ ಕಳಿಸು ಕಾಲೇಜಿನವರಿಗೆ."

"ಮಗು, ಅತ್ತೆ?"

"ನಿನ್ನ ಗಂಡನ್ನ ಸಾಕಿದ್ದು ಯಾರು, ಆ ಮ್ಯಾನೇಜರಾ? ದೊಡ್ಡ ಓದು ಬೇಕಂತೆ ಅವನಿಗೆ. ಓದಿ ಬಾ. ಆಮೇಲೆ ಏನು ನೆಪ ತೆಗೀತಾನೋ ನಾನೂ ನೋಡ್ತೀನಿ."

ಸೊಸೆ ಅಲ್ಲೇ ಕೆಂಪು ಬಕೆಟ್ಟನ್ನು ಬೋರಲು ಹಾಕಿ ಕೂತು, ಫೋನಿನಲ್ಲೇ ಒಪ್ಪಿಗೆ ಕಳಿಸಿದಳು. ಏಳುವ ಮೊದಲೇ ಅತ್ತೆಯ ಬೈಗುಳ ಬಂತು: "ಆ ಬಕೆಟ್ ಮೇಲೆ ಕೂತು ಹಾಗೇ ಮನೆಗೆ ಹೋಗಿ ಮಗುವನ್ನ ಎತ್ಕೋತೀಯಾ? ಮೊದಲು ಕೈ ತೊಳಿ!"

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗಳೋ ಸೊಸೆಯೋ ಈ ವಿದ್ಯೆ ಕಲಿಯುತ್ತೇನೆಂದರೆ ಅವಳ ವಯಸ್ಸು ಎಣಿಸಬೇಡಿ. ಮಗುವನ್ನು ಎತ್ತಿಕೊಂಡು ಅವಳನ್ನು ಕಳಿಸಿಕೊಡಿ. ನಿಮ್ಮ ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ಬಂದುಹೋಗುವವರ ವೈಫೈ ಬೇರೆ, ಕೆಲಸದ ಯಂತ್ರಗಳ ನೆಟ್‌ವರ್ಕ್ ಬೇರೆ ಇದೆಯೇ ಎಂದು ಕೇಳಿ. "ನಿಮಗ್ಯಾಕೆ?" ಅಂದರೆ ಎರಡನೇ ಸಲ ಇನ್ನೂ ಜೋರಾಗಿ ಕೇಳಿ.

ಸೊಸೆಯ ಮೊದಲ ವರ್ಷ ನಡೆಯುತ್ತಿದೆ. ಮಗು ಸಂಜೆ ಅಳುತ್ತದೆ, ಅತ್ತೆ ಸಮಾಧಾನ ಮಾಡುತ್ತಾಳೆ. ಆ ದಿನ ಆ ಕೇಬಲ್ ಸಿಕ್ಕಿಸಿದ್ದರೆ ನಿಜಕ್ಕೂ ಏನಾದರೂ ಆಗುತ್ತಿತ್ತೇ? ಏನೂ ಆಗದೆಯೂ ಇರಬಹುದಿತ್ತು. ಅದು ಸೊಸೆಗೂ ಗೊತ್ತಿಲ್ಲ, ಇದನ್ನು ಬರೆದವರಿಗೂ ಗೊತ್ತಿಲ್ಲ.